ಡಾಕ್ಟರಿಗೆ ಮಾಡಿಸಿದ ಇನ್ಶೂರೆನ್ಸು

ಕಿಕ್ಕೇರಿಯ ಚಿಕ್ಕಮಾದಯ್ಯ ಹತ್ತಿ ಕಚ್ಚಿಕೊಂಡು, ಕೈಮುಗಿದು ಬಸ್ಸು ಹತ್ತಿ ಹೋದ ಮೇಲೆ ದಂತವೈದ್ಯ ನಾಗೇಂದ್ರ ಕಿತ್ತ ಹಲ್ಲನ್ನು ತೊಳೆದು ನೋಡಿದ. ಹಲ್ಲು ಬೆಣಚುಕಲ್ಲಿನಷ್ಟು ಗಟ್ಟಿಯಾಗಿತ್ತು. ಹುಳುಕು ಹಲ್ಲು ಚಿಕ್ಕಮಾದಯ್ಯನ ಬಾಯಲ್ಲೇ ಕೂತು ಊರಿಗೆ ಹೋಗಿತ್ತು!

ಕೆ.ಆರ್. ಪೇಟೆಯಲ್ಲಿ ಕ್ಲಿನಿಕ್ಕು ತೆರೆದು ಮೂರೇ ವರ್ಷ. ಒಂದು ಕೇಸು ಬಿದ್ದರೂ ಬೀಗ ಹಾಕಬೇಕು. ಗ್ರಾಹಕರ ಕೋರ್ಟಿಗೆ ಡಾಕ್ಟರುಗಳನ್ನೂ ಎಳೆಯಬಹುದು ಎಂದು ತೀರ್ಪು ಬಂದಾಗ, ಕೆಳಗಿನ ಅಂಗಡಿಯ ಇನ್ಶೂರೆನ್ಸ್ ಏಜೆಂಟ್ ಚಿಕ್ಕಸ್ವಾಮಿ ಹೆದರಿಸಿ ಹೆದರಿಸಿ ಅವನಿಗೊಂದು ಪಾಲಿಸಿ ಮಾಡಿಸಿದ್ದ. ಡಾಕ್ಟರ ಕೈಯಿಂದ ತಪ್ಪಾದರೆ ರೋಗಿಗೆ ಪರಿಹಾರ ಕೊಡುವುದು ಕಂಪನಿ.

"ಯಾಕ್ ಎದರ್ಕತೀರಿ ಸಾ? ನಡೀರಿ ಆಫೀಸ್ಗೆ," ಎಂದ ಚಿಕ್ಕಸ್ವಾಮಿ, ಕೆಳಗಿಳಿದು ಬಂದ ನಾಗೇಂದ್ರನ ಮಾತು ಕೇಳಿ.

ಮ್ಯಾನೇಜರ್ ನಂಜುಂಡಯ್ಯ ಕನ್ನಡಕದ ಮೇಲಿಂದ ನೋಡಿದರು. "ರೋಗಿ ಪರಿಹಾರ ಕೇಳಿದಾನಾ?"

"ಇಲ್ಲ. ಅವನಿಗಿನ್ನೂ ಗೊತ್ತೇ ಇಲ್ಲ."

"ಹಾಗಾದ್ರೆ ಕ್ಲೇಮೇ ಇಲ್ವಲ್ರೀ. ಪಾಲಿಸಿ ಇವತ್ತು ಸಂಜೆ ಐದಕ್ಕೆ ಮುಗಿಯುತ್ತೆ. ಅಷ್ಟರೊಳಗೆ ಅವನು ಬರಹದಲ್ಲಿ ಕೇಳಿರಬೇಕು. ನಾಳೆ ಕೇಳಿದ್ರೆ ನಮಗೆ ಸಂಬಂಧವಿಲ್ಲ."

ಇಬ್ಬರೂ ಸ್ಕೂಟರಿನಲ್ಲಿ ಕಿಕ್ಕೇರಿಗೆ ಓಡಿದರು. ತಪ್ಪು ಹೇಳಿಕೊಳ್ಳುವ ಮನೆಗೆ ಬರಿಗೈಲಿ ಹೋಗಬಾರದೆಂದು ಚಿಕ್ಕಸ್ವಾಮಿ ದಾರಿಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಕೊಳ್ಳಿಸಿದ. ಜಗಲಿಯ ಮೇಲೆ ನಾಲ್ಕು ಜನ ಹಿರಿಯರ ಎದುರಿಗೆ ನಾಗೇಂದ್ರ ತಾಂಬೂಲ ಕೊಟ್ಟು, "ಹುಳುಕು ಬಿಟ್ಟು ಗಟ್ಟಿ ಹಲ್ಲು ಕಿತ್ತುಬಿಟ್ಟೆ. ತಪ್ಪು ನನ್ನದು," ಎಂದ.

ಚಿಕ್ಕಮಾದಯ್ಯ ಕೆನ್ನೆ ಸವರಿಕೊಂಡ. "ಅದ್ಕೇಯಾ ನೋವು ಅಂಗೇ ಇರಾದು! ಓಗ್ಲಿ ಬುಡಿ ಸಾ. ಎಲೆ ಅಡಿಕೆ ಕೊಟ್ರಲ್ಲ, ಮುಗೀತು."

ನಾಗೇಂದ್ರನಿಗೆ ಹೋದ ಜೀವ ಬಂದಂತಾಯಿತು. ಆ ಚಿಕ್ಕಸ್ವಾಮಿ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮುಚ್ಚಿಕೊಂಡಾನೆಯೇ?

"ಮುಗಿಯಾದೆಂಗಣ್ಣೋ? ಐವತ್ತು ಸಾವ್ರ ಕೇಳಿ ಕಾಗ್ದ ಬರ್ಕೊಡು. ಡಾಕ್ಟ್ರ ಗಂಟೇನೂ ಓಗಲ್ಲ, ಕಂಪ್ನಿ ಕೊಡ್ತದೆ!"

ಚಿಕ್ಕಮಾದಯ್ಯನ ಹೆಂಡತಿ ದ್ಯಾವಮ್ಮ ಆಗಲೇ ಒಳಗಿನಿಂದ ಕಾಗದ ತಂದಿದ್ದಳು. ಚಿಕ್ಕಮಾದಯ್ಯ ನಡೆದದ್ದನ್ನೆಲ್ಲ ಬರೆದು ರುಜು ಮಾಡಿದ, ಹಿರಿಯರು ಸಾಕ್ಷಿ ಹಾಕಿದರು.

ಆಫೀಸಿಗೆ ಮರಳಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ನಂಜುಂಡಯ್ಯ ತೃಪ್ತಿಯಿಂದ ಓದುತ್ತಾ ಕೊನೆಯ ಸಾಲಿಗೆ ಬಂದು ನಿಂತರು.

"'ಡಾಕ್ಟರು ತಾಂಬೂಲ ಕೊಟ್ಟು ತಪ್ಪೊಪ್ಪಿಕೊಂಡರು' ಅಂತ ಇದೆಯಲ್ರೀ! ನಮ್ಮ ಅನುಮತಿ ಇಲ್ದೆ ತಪ್ಪೊಪ್ಪಿಕೊಂಡ್ರೆ ಕಂಪನಿ ಬಿಡಿಗಾಸೂ ಕೊಡೋದಿಲ್ಲ."

"ಒಪ್ಪಿಕೊಳ್ಳದಿದ್ರೆ ಅವನಿಗೆ ಗೊತ್ತೇ ಆಗ್ತಿರಲಿಲ್ವಲ್ಲ ಸಾರ್!"

"ಗೊತ್ತಾಗದಿದ್ರೆ ನಿಮಗೆ ನಮ್ಮ ಅಗತ್ಯವೇ ಇರಲಿಲ್ವಲ್ರೀ," ಎಂದು ಅವರು ಬೀರುವಿಗೆ ಬೀಗ ಹಾಕಿದರು.

ಚಿಕ್ಕಸ್ವಾಮಿ ಯಾವ ಮಾಯದಲ್ಲೋ ಜಾಗ ಖಾಲಿ ಮಾಡಿದ್ದ. ನಾಗೇಂದ್ರ ಕಾಲೆಳೆದುಕೊಂಡು ಕ್ಲಿನಿಕ್ಕಿಗೆ ಬಂದ. ಬಾಗಿಲಲ್ಲಿ ಗಂಡ ಹೆಂಡತಿ ಕಾಯುತ್ತಿದ್ದರು. ಚಿಕ್ಕಮಾದಯ್ಯನ ಕೆನ್ನೆ ಊದಿತ್ತು.

"ನೋವು ತಡ್ಯಕ್ಕಾಯ್ತಿಲ್ಲ ಸಾ. ನಿಮ್ ಮ್ಯಾಲೆ ನಂಗೇನೂ ಬ್ಯಾಸ್ರ ಇಲ್ಲ. ಕಂಪ್ನಿಯೋರು ಸತಾಯಿಸ್ಬಾರ್ದು ನೋಡಿ, ಅದ್ಕೇ ಲಾಯರ್‌ಗೂ ಒಂದು ನಕಲು ಕಳ್ಸಿವ್ನಿ," ಎಂದು ಬಾಯಿ ತೆರೆದ.

ಅಷ್ಟು ಹೊತ್ತು ತಡೆದಿದ್ದ ನಾಗೇಂದ್ರ ಇಕ್ಕಳ ಹಿಡಿದುಕೊಂಡೇ ಗಳಗಳ ಅತ್ತುಬಿಟ್ಟ.

ದ್ಯಾವಮ್ಮ ಗಂಡನನ್ನು ಮೆಲ್ಲಗೆ ತಿವಿದಳು. "ಡಾಕ್ಟ್ರೇ ಇಂಗ್ ಅಳ್ತಾವ್ರೆ ಅಂದ್ರೆ ತಪ್ಪು ಬೋ ದೊಡ್ಡದೇ ಇರ್ಬೇಕು. ಐವತ್ತು ಕಮ್ಮಿ ಆಯ್ತು, ಒಂದ್ ಲಕ್ಷ ಮಾಡ್ಸು!"