ಸಾವಿರದೆಪ್ಪತ್ತೆರಡನೇ ಅಳತೆ

ಎಲ್ಲದಕ್ಕೂ ಕಾರಣ ಬೆಳಿಗ್ಗೆ ತಿಂದ ಉಪ್ಪುಮಾಂಸದ ರೊಟ್ಟಿ. ಅದರ ಮೇಲೆ ಮೆಟೋದಿಯ ಒಂದು ತಂಬಿಗೆ ನೀರು ಕುಡಿದ. ಶ್ಟಿಪ್ ಊರಿನ ಆ ಅಂಗಿ ಕಾರ್ಖಾನೆಯಲ್ಲಿ ನೀರು ಕುಡಿಯುವುದು ಬಿಟ್ಟಿ. ಹೊರಗೆ ಬಿಡಲು ಅಪ್ಪಣೆ ಬೇಕು. ಶೌಚಾಲಯದ ಬೀಗದ ಕೈ ಮಾಲೀಕ ಪಾಂಚೊನ ಕೊರಳಲ್ಲಿ ತಾಯಿತದ ಹಾಗೆ ತೂಗುತ್ತಿತ್ತು.

"ಸಾಹುಕಾರ್ರೇ, ಒಂದ್ನಿಮಿಷ ಕೀ..."

"ಪಾಳಿ ಮುಗಿದ್ಮೇಲೆ ಹೋಗು. ಬಸುರಿ ಹೆಂಗಸ್ರೇ ತಡ್ಕೊಂಡು ಹೊಲೀತಾರೆ, ನಿಂಗೇನು ದಾಡಿ?"

ಮೆಟೋದಿಯನಿಗೆ ಸಿಟ್ಟು ಉಕ್ಕಿತು. ಅಂಗಿಯ ಅಳತೆಯ ಲೇಬಲ್ಲುಗಳನ್ನು ಮುದ್ರಿಸುವ ಕಂಪ್ಯೂಟರು ಅವನ ಕೈಯಲ್ಲಿತ್ತು. ಹೊಲಿಗೆಯವರಿಗೆ ಲೇಬಲ್ಲಿನ ಮೇಲೆ 'ಮಷೀನು ನಿಲ್ಲಿಸಿ' ಎಂದು ಅಕ್ಷರದಲ್ಲಿ ಬರೆದರೆ ಪಾಂಚೊ ಓದಿಬಿಡುತ್ತಾನೆ. ಅಂಕಿಯಲ್ಲಿ ಬರೆದರೆ? ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಇರುತ್ತದಲ್ಲ! ಒಂದು ಆಜ್ಞೆ ಕೊಟ್ಟ. ಅಕ್ಷರಗಳೆಲ್ಲ ತಂತಮ್ಮ ಸಂಖ್ಯೆಗಳಾಗಿ ಸಾಲುಗಟ್ಟಿದವು: 1079, 1072, 1087... ಲೇಬಲ್ಲಿಗೊಂದರಂತೆ ಮುದ್ರಿಸಿದ. ಪಾಂಚೊ ಕಣ್ಣಾಡಿಸಿ, "ಅಂಕಿ ತಾನೇ," ಎಂದು ಬಿಟ್ಟ.

ಲೇಬಲ್ಲುಗಳು ಹೊಲಿಗೆಯವರ ಕೈ ಸೇರಿದ ಮೇಲೆ ಮೆಟೋದಿಯನಿಗೆ ಹೊಳೆಯಿತು: ಅಂಕಿಯನ್ನು ಮತ್ತೆ ಅಕ್ಷರ ಮಾಡಬಲ್ಲ ಕಂಪ್ಯೂಟರು ಇಡೀ ಕಾರ್ಖಾನೆಗೆ ಒಂದೇ, ಅದೂ ಅವನ ಮೊಣಕೈ ಕೆಳಗೆ!

ಅಷ್ಟರಲ್ಲಿ ಒಂದು ಮಷೀನು ನಿಂತಿತು. ಆಮೇಲೆ ಪಕ್ಕದ್ದು. ಆಮೇಲೆ ಎಲ್ಲವೂ.

"ಅರ್ಥ ಆಯ್ತಾ ಸುಲ್ತಾನಕ್ಕಾ?" ಮೆಟೋದಿಯ ಓಡಿಬಂದು ಪಿಸುಗುಟ್ಟಿದ.

ಮೊದಲ ಮಷೀನಿನ ಸುಲ್ತಾನಾ ಲೇಬಲ್ಲು ಎತ್ತಿ ಹಿಡಿದಳು. "ಅರ್ಥವಂತೆ, ನಿನ್ನ ತಲೆ! ಸಾವಿರದೆಪ್ಪತ್ತೆರಡನೇ ಅಳತೆ! ಯಾರಿಗೋ ಈ ಅಂಗಿ, ಇಸಾರ್ ಬೆಟ್ಟಕ್ಕಾ?"

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಪಾಂಚೊ ಬಾಲಕ್ಕೆ ಬೆಂಕಿ ಬಿದ್ದವನಂತೆ ಬಂದ.

"ಲಾರಿ ಕಾಯ್ತಿದೆ! ಶುರು ಮಾಡ್ರೇ!"

ನಿಂತ ಮಷೀನುಗಳ ಮೌನ ಸುಲ್ತಾನಾಳ ಕಿವಿಗೆ ಹೊಸದಾಗಿ ಕೇಳಿಸಿತು. ಕೈಕಟ್ಟಿ ಕೂತಳು.

"ಹೇಗೂ ನಿಂತಿದೆಯಲ್ಲ. ಕೀ ಕೊಡಿ, ಶುರು ಮಾಡ್ತೀವಿ. ಇವತ್ತಿಗಷ್ಟೇ ಅಲ್ಲ, ಯಾವತ್ತಿಗೂ ಕೊಡಿ."

"ಹೊರಗೆ ಹಾಕ್ತೀನಿ!"

"ಯಾರನ್ನ? ಎಲ್ಲರ್ನೂ ಹಾಕಿ, ನೀವೇ ಹೊಲ್ಕೊಳ್ಳಿ."

ಸಾಲುಸಾಲಾಗಿ ಕೈಗಳು ಎದೆಯ ಮೇಲೆ ಕಟ್ಟಿಕೊಂಡವು. ಹೊರಗೆ ಲಾರಿ ಹಾರನ್ ಹೊಡೆಯಿತು. ಪಾಂಚೊ ಕೊರಳಿನ ತಾಯಿತ ಬಿಚ್ಚಿಕೊಟ್ಟ.

ಸುಲ್ತಾನಾ ಶೌಚಾಲಯದ ಬಾಗಿಲು ತೆಗೆದು ಬೀಗ, ಬೀಗದ ಕೈ ಎರಡನ್ನೂ ಕಿಟಕಿಯಾಚೆಯ ಹೊಳೆಗೆ ಎಸೆದಳು. ಕಾರ್ಖಾನೆ ಕೇಕೆ ಹಾಕಿತು. ಮೆಟೋದಿಯ ಲೇಬಲ್ಲಿನ ಗುಟ್ಟು ಬಿಟ್ಟುಕೊಟ್ಟದ್ದೇ ತಡ, ನಾಲ್ವರು ಅವನನ್ನು ಹೆಗಲಿಗೇರಿಸಿ ಕುಣಿಸಿದರು.

"ಇಳಿಸ್ರಮ್ಮಾ! ಕುಣಿಸ್ಬೇಡಿ, ಕುಣಿಸ್ಬೇಡಿ!"

ಇಳಿದವನೇ ಓಡಿದ. ಶೌಚಾಲಯದ ಮುಂದಿನ ಸಾಲು ಆಗಲೇ ಕಾರ್ಖಾನೆಯ ಗೇಟು ಮುಟ್ಟಿತ್ತು.

"ಹಿಂದೆ ನಿಂತ್ಕೊಳ್ಳಯ್ಯಾ, ನಾಯಕ!" ಮುಂದಿದ್ದ ಸುಲ್ತಾನಾ ಕೂಗಿದಳು. "ನೀನು ಬೆಳಿಗ್ಗೆಯಿಂದ ತಡ್ಕೊಂಡೋನು. ನಾವು ವರ್ಷಗಟ್ಲೆಯಿಂದ!"