ಮೇಷ್ಟ್ರು ಹೇಳಿಕೊಟ್ಟ ಗೆಟ್

ಹದಿನೆಂಟು ವರ್ಷ ಲಕೋಟೆ ಅಂಟಿಸಿ ಅಂಟಿಸಿ ಆಫೀಸಿನಲ್ಲಿ ಗೋಂದಣ್ಣ ಎಂದೇ ಹೆಸರಾದ ಗುಮಾಸ್ತನಿಗೆ ಕೊನೆಗೂ ಹೆಡ್ ಕ್ಲಾರ್ಕ್ ಆಗುವ ಯೋಗ ಬಂದಿತ್ತು. ತೊಡಕು ಒಂದೇ. ಇಂಟರ್‌ವ್ಯೂ ಮಾಡುವವರು ಹೊಸ ಸಾಹೇಬರು. ಅವರು ಕೆಮ್ಮುವುದೂ ಇಂಗ್ಲಿಷಿನಲ್ಲೇ ಎಂದು ಸುದ್ದಿ. ಗೋಂದಣ್ಣನಿಗೋ ಇಂಗ್ಲಿಷ್ ಎಂದರೆ ಬೆಕ್ಕಿಗೆ ಸ್ನಾನವಿದ್ದಂತೆ.

ಇಂಟರ್‌ವ್ಯೂ ದಿನ ಬೆಳಿಗ್ಗೆ ಅರ್ಧ ಗಡ್ಡ ಹೆರೆಯುವಷ್ಟರಲ್ಲಿ ಹೆಂಡತಿ ಎದುರುಮನೆಯ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರನ್ನು ಕರೆತಂದು ನಿಲ್ಲಿಸಿದಳು.

"ನಂಗೆ ಯೆಸ್, ನೋ ಬಿಟ್ರೆ ಏನೂ ಬರಲ್ಲ ಮೇಷ್ಟ್ರೇ."

ಮೇಷ್ಟ್ರು ನಶ್ಯ ಏರಿಸಿದರು. "ಇನ್ನೊಂದು ಕಲಿತ್ರೆ ಸಾಕು. ಗೆಟ್. ಎದ್ರೆ ಗೆಟ್ ಅಪ್, ಇಳಿದ್ರೆ ಗೆಟ್ ಡೌನ್. ಸಿಕ್ಕಿದ್ರೂ ಗೆಟ್, ಅರ್ಥ ಆದ್ರೂ ಗೆಟ್. ಕಾಯಿಲೆ ಬಿದ್ರೂ ಗೆಟ್, ಮದುವೆ ಆದ್ರೂ ಗೆಟ್."

"ಕೊನೇ ಎರಡೂ ಒಂದೇ ಅಲ್ವಾ ಮೇಷ್ಟ್ರೇ?"

ಒಳಗೆ ಪಾತ್ರೆಯೊಂದು ಢಣ್ಣನೆ ಬಿತ್ತು.

"ಮೂವತ್ತು ವರ್ಷ ಇದನ್ನೇ ಹೇಳ್ಕೊಟ್ಟಿದ್ದೀನಿ ಕಣಯ್ಯ. ಒಬ್ಬನೂ ವಾಪಸ್ ಬಂದು ಬೈದಿಲ್ಲ."

ಗೆಟ್ ಪಾಠ ಮುಗಿಯುವ ಹೊತ್ತಿಗೆ ಗಡಿಯಾರ ಹತ್ತು ದಾಟಿತ್ತು. ಉಳಿದರ್ಧ ಗಡ್ಡ ಹೊತ್ತೇ ಗೋಂದಣ್ಣ ಬಸ್ಸಿಗೆ ಓಡಿದ. ಪಾಠ ಮರೆಯಬಾರದಲ್ಲ? ನೂಕುನುಗ್ಗಲಿನಲ್ಲಿ ನಿಂತು "ಗೆಟ್ ಡೌನ್, ಗೆಟ್ ಡೌನ್" ಎಂದು ಜಪಿಸತೊಡಗಿದ. ಮುಂದಿದ್ದ ದಪ್ಪ ಆಸಾಮಿ ತಿರುಗಿದ.

"ಟಿಕೆಟ್ ತಗೊಂಡಿದ್ದೀನಿ. ನನ್ನ ಇಳಿ ಅನ್ನೋಕೆ ನೀನ್ಯಾವೋನು?"

ಕಂಡಕ್ಟರ್ ಸೀಟಿ ಊದಿ, ಜಗಳಕ್ಕೆ ನಿಂತವರ ಪೈಕಿ ತೆಳ್ಳಗಿದ್ದವನನ್ನು ಕೆಳಗಿಳಿಸಿದ.

ಮೂರು ಸ್ಟಾಪು ನಡೆದು, ಬೆವರಿನಲ್ಲಿ ನೆನೆದ ಲಕೋಟೆಯಂತಾಗಿ ಗೋಂದಣ್ಣ ಸಾಹೇಬರ ಬಾಗಿಲಲ್ಲಿ ನಿಂತ.

"ಗೆಟ್ ಇನ್," ಅಂದರು ಸಾಹೇಬರು.

"ಐ ಗೆಟ್ ಇನ್, ಸರ್."

"ಯು ಗೆಟ್ ಲೇಟ್."

"ಐ ಗೆಟ್ ಬಸ್. ಬಸ್ ಗೆಟ್ ಆ್ಯಂಗ್ರಿ. ಐ ಗೆಟ್ ಡೌನ್."

ಸಾಹೇಬರು ಅವನ ಮುಖವನ್ನೇ ದಿಟ್ಟಿಸಿದರು. "ವೈ ಯು ಗೆಟ್ ಹಾಫ್ ಶೇವ್?"

"ಐ ಗೆಟ್ ಮೇಷ್ಟ್ರು, ಸರ್."

ಸಾಹೇಬರು ಮೆಲ್ಲನೆ ಎದ್ದು ಬಾಗಿಲು ಹಾಕಿದರು. ಅಚ್ಚ ಕನ್ನಡದಲ್ಲಿ ಪಿಸುಗುಟ್ಟಿದರು: "ಯಾವ ಮೇಷ್ಟ್ರು? ಮಾತಿಗೊಂದ್ಸಲ ನಶ್ಯ ಹಾಕೋರಾ?"

"ಅವ್ರೇ ಸರ್. ನಮ್ಮ ಎದುರುಮನೆ."

"ನಂಗೂ ಅವ್ರೇ ಹೇಳ್ಕೊಟ್ಟಿದ್ದು," ಎಂದು ಸಾಹೇಬರು ಕುರ್ಚಿಗೆ ಕುಸಿದರು.

ಗೋಂದಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ಹಾಗಾದ್ರೆ ನಾವು ಒಂದೇ ಗುರುವಿನ ಶಿಷ್ಯರು. ಕೆಲಸ ಸಿಕ್ಕಂಗೇ ಅಲ್ವಾ ಸರ್?"

"ಹೇಗ್ರೀ ಸಿಗುತ್ತೆ? ಹೆಡ್ ಕ್ಲಾರ್ಕ್ ದಿನವಿಡೀ ನನ್ನ ಪಕ್ಕದಲ್ಲೇ ಇರ್ಬೇಕು. ನಂಗೆಷ್ಟು ಇಂಗ್ಲಿಷ್ ಬರುತ್ತೆ ಅಂತ ಗೊತ್ತಿರೋನನ್ನ ಕೂರಿಸ್ಕೊಂಡು ನಾನು ಬಾಯಿ ಬಿಡೋದು ಹೇಗೆ? ನಿಮಗಿಂತ ಮುಂಚೆ ಬಂದು ಇಂಗ್ಲಿಷೇ ಬರಲ್ಲ ಅಂತ ಅತ್ತನಲ್ಲ, ಆ ಸ್ಟೋರ್ ಗುಮಾಸ್ತ, ಅವನಿಗೆ ಕೊಡ್ತೀನಿ."

ಗೋಂದಣ್ಣ ಗಂಟಲು ಸರಿಮಾಡಿಕೊಂಡ. "ಒಂದು ಮಾತು ಸರ್. ಅದೇ ಗೆಟ್ ಇಟ್ಕೊಂಡು ನಿಮಗೆ ಹೇಗೆ ಸಿಕ್ತು ಈ ಕುರ್ಚಿ?"

"ನನ್ನ ಇಂಟರ್‌ವ್ಯೂ ಮಾಡಿದವ್ರು ಬೇರೆ ಮೇಷ್ಟ್ರ ಹತ್ರ ಕಲಿತಿದ್ರು. ಅವ್ರಿಗೆ ಬರೀ ಟೇಕ್ ಗೊತ್ತಿತ್ತು."

ಹೀಗೆಂದವರೇ ಸಾಹೇಬರು ಬಾಗಿಲು ತೆರೆದು, ಆಫೀಸಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಗುಡುಗಿದರು.

"ಗೆಟ್ ಔಟ್."

ಮೇಷ್ಟ್ರು ಹೇಳಿಕೊಡಲು ಮರೆತಿದ್ದ ಗೆಟ್ ಅದೊಂದೇ. ಆದರೂ ಗೋಂದಣ್ಣನಿಗೆ ಚೆನ್ನಾಗಿ ಅರ್ಥವಾಯಿತು.