ಬಿಸಿಲಿಗೆ ಹಿಡಿಯದ ಸೋಲಾರ್ ಬ್ಯಾಗು

ನಂಬೋಕಾಗಲ್ಲ ಅನ್ನೋರು ಧಾರಾಳವಾಗಿ ನಂಬದೇ ಇರಿ, ನನಗೇನೂ ನಷ್ಟ ಇಲ್ಲ. ಬೇರೆಯವರಿಗೆ ಜನ್ಮಕ್ಕೊಂದು ಆಗೋ ಇಂಥ ಪ್ರಸಂಗ ನನಗೆ ವಾರಕ್ಕೊಂದು ಆಗ್ತಿತ್ತು. ಹೇಳ್ತೀನಿ, ಧೈರ್ಯ ಇದ್ದರೆ ಸುಳ್ಳು ಅಂತ ಸಾಬೀತು ಮಾಡಿ.

ಎಲ್ಲರ ಕೈಗೂ ಬಟನ್ ಮೊಬೈಲ್ ಬಂದು, ಮನೆಗೆ ಮಾತ್ರ ಕರೆಂಟು ನೆಟ್ಟಗೆ ಬರದೇ ಇದ್ದ ಕಾಲ ಅದು. ಬೆಂಗಳೂರಿನ ಒಂದು ಕಂಪನಿ, ಕಾಗದದ ಹಾಗೆ ಬಾಗುವ ಪ್ಲಾಸ್ಟಿಕ್ ಹಾಳೆಯ ಮೇಲೆ ಸೋಲಾರ್ ಸೆಲ್ ಪ್ರಿಂಟ್ ಮಾಡಿ, ಅದನ್ನು ಬ್ಯಾಗಿಗೂ ಛತ್ರಿಗೂ ಹೊಲಿದು ಮಾರುತ್ತಿತ್ತು. ಬಿಸಿಲಿಗೆ ಹಿಡಿದು, ಒಳಗಿನ ವೈರನ್ನು ಮೊಬೈಲಿಗೆ ಸಿಕ್ಕಿಸಿದರೆ ಚಾರ್ಜ್ ಆಗುತ್ತಿತ್ತು. ಶಿವಮೊಗ್ಗ ಜಿಲ್ಲೆಗೆ ಒಬ್ಬ ಚುರುಕು ಹುಡುಗ ಬೇಕು ಅಂತ ಹುಡುಕಿದರು. ಸಹಜವಾಗಿ ನಾನೇ ಸಿಕ್ಕಿದೆ. ನಮ್ಮೂರಲ್ಲಿ ಮೊದಲು ಟೈ ಕಟ್ಟಿದ ಗಂಡಸು ನಾನು. ಎಮ್ಮೆಗಳೂ ನಿಂತು ನೋಡಿದವು.

ಮ್ಯಾನೇಜರ್ ಹೇಳಿದ್ದು ಇಷ್ಟೇ: "ದಸರಾದೊಳಗೆ ಒಂದು ದೊಡ್ಡ ಆರ್ಡರ್ ತಾ, ಕಾಯಂ ಮಾಡ್ತೀವಿ. ಇಲ್ಲಾಂದ್ರೆ ಸ್ಯಾಂಪಲ್ ವಾಪಸ್ ಕೊಟ್ಟು ಊರಿಗೆ ಹೋಗು."

ಊರಿಗೆ ಹೋಗೋ ಹಾಗಿರಲಿಲ್ಲ. ಕಾಯಂ ಆಯ್ತು ಅಂತ ಅಲ್ಲಿ ಆಗಲೇ ಮೈಸೂರುಪಾಕು ಹಂಚಿ ಬಂದಿದ್ದೆ.

ಛತ್ರಿ

ಗಾಂಧಿಬಜಾರಿನ ಒಬ್ಬ ಬಟ್ಟೆ ವ್ಯಾಪಾರಿ ಮುಂಗಾರಿನಲ್ಲಿ ಸೋಲಾರ್ ಛತ್ರಿ ತಗೊಂಡರು. ಸ್ವಲ್ಪ ದಿನ ಬಿಟ್ಟು ನಾನು ಆ ಕಡೆ ಹೋದಾಗ ಅಂಗಡಿಯೊಳಗಿಂದಲೇ ಕರೆದರು.

"ಏನಯ್ಯಾ ಟೈ, ಇಲ್ಲಿ ಬಾ. ನಿನ್ನ ಛತ್ರೀಲಿ ಮೊಬೈಲ್ ಚಾರ್ಜೇ ಆಗಲ್ಲವಲ್ಲೋ."

"ಯಾವಾಗ ಬಿಚ್ಚಿದ್ರಿ ಸಾರ್?"

"ಮಳೆ ಬಂದಾಗ. ಛತ್ರೀನ ಮತ್ತೆ ಯಾವಾಗ ಬಿಚ್ತಾರೆ ಮಾರಾಯ?"

"ಬಿಸಿಲಲ್ಲಿ ಬಿಚ್ಚಬೇಕು ಸಾರ್. ಸೋಲಾರ್ ಅಲ್ವಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಣ ಬಜಾರಲ್ಲಿ ಛತ್ರಿ ಬಿಚ್ಕೊಂಡು ಹೋದ್ರೆ ಜನ ಏನಂತಾರೆ? ಆಮೇಲೆ ನನ್ನ ಮಾತು ನಂಬಿ ಸೀರೆ ತಗೋತಾರಾ?"

ನಾನು ಬಿಡ್ತೀನಾ. ಸೂರ್ಯನಿಂದ ಶುರು ಮಾಡಿ ವೈರಿನವರೆಗೆ ವಿಜ್ಞಾನ ಪೂರ್ತಿ ಬಿಡಿಸಿ ಹೇಳಿದೆ. ನನ್ನಷ್ಟು ಚೆನ್ನಾಗಿ ಕಂಪನಿಯ ಇಂಜಿನಿಯರಿಗೂ ಹೇಳೋಕೆ ಬರ್ತಿರಲಿಲ್ಲ. ಅವರು ತಲೆಯಾಡಿಸಿ ಎಲ್ಲಾ ಕೇಳಿಸಿಕೊಂಡರು.

"ಅರ್ಥ ಆಯ್ತು ಬಿಡು," ಅಂದರು. "ಮಳೇಲಿ ಚಾರ್ಜ್ ಆಗೋದು ಬಂದಾಗ ಹೇಳು, ಮೊದಲನೇದು ನನಗೆ."

ಮೇಡಂ ಬ್ಯಾಗು

ರಾಗಿಗುಡ್ಡದ ಕಡೆ ಒಬ್ಬರು ಟೀಚರ್ ಮೇಡಂ ಬ್ಯಾಗು ತಗೊಂಡಿದ್ದರು. ಅವರದೂ ಅದೇ ದೂರು. ಮನೆಗೇ ಹೋದೆ. ಟಿವಿಗೆ ಬಟ್ಟೆಯ ಕವರು, ಮಿಕ್ಸಿಗೆ ಕವರು, ಫ್ರಿಜ್ಜಿನ ಹಿಡಿಗೂ ಕವರು. ನನ್ನ ಬ್ಯಾಗಿಗೆ ಬಿಡ್ತಾರಾ? ಹೂವಿನ ಬಟ್ಟೆಯಲ್ಲಿ ಅಳತೆ ತೆಗೆದು ಹೊಲಿಸಿದ್ದರು.

"ಇದ್ಯಾಕೆ ಮೇಡಂ?"

"ಬಿಸಿಲಿಗೆ ಬಣ್ಣ ಹೋಗುತ್ತಲ್ಲಪ್ಪ."

ಆ ಹೂವಿನ ಕವರು ತೆಗೆಸಿದೆ. ಅದರೊಳಗೆ ಕಂಪನಿಯ ಪ್ಲಾಸ್ಟಿಕ್ ಕವರು ಹಾಗೇ ಇತ್ತು. ಅದಕ್ಕೆ ಕೈ ಹಾಕಿದ್ದೇ ತಡ, "ಅದನ್ನ ಮುಟ್ಟಬೇಡ, ಹಳೇದಾಗಿ ಕಾಣುತ್ತೆ," ಅಂದರು. ಗಂಟೆಗಟ್ಟಲೆ ಬೇಡಿಕೊಂಡ ಮೇಲೆ, ದಿನಾ ಮಹಡಿ ಮೇಲೆ ಬಿಸಿಲಿಗೆ ಇಡೋಕೆ ಒಪ್ಪಿದರು. ಗೆದ್ದೆ ಅಂತ ಎದೆಯುಬ್ಬಿಸಿಕೊಂಡು ಇಳಿದು ಬಂದೆ.

ಮತ್ತೊಂದು ಸಲ ದಾರಿಯಲ್ಲಿ ಸಿಕ್ಕಾಗ, "ಈಗ ಹೇಗಿದೆ ಮೇಡಂ?" ಅಂತ ಕೇಳಿದೆ.

"ಬಹಳ ಚೆನ್ನಾಗಿದೆಯಪ್ಪಾ. ಕೋಲಿಗೆ ಕಟ್ಟಿ ಹಪ್ಪಳದ ಪಕ್ಕ ನಿಲ್ಲಿಸಿದ್ದೀನಿ. ಒಂದು ಕಾಗೆಯೂ ಹತ್ತಿರ ಬರ್ತಿಲ್ಲ."

ಭದ್ರಾವತಿಯ ಆಯುಧಪೂಜೆ

ದಸರಾ ಬಂದೇಬಿಟ್ಟಿತು. ಉಳಿದಿದ್ದು ಒಂದೇ ಆಸೆ, ಭದ್ರಾವತಿಯ ಒಂದು ವರ್ಕ್‌ಶಾಪಿನ ಕಾರ್ಮಿಕರ ಸಂಘ. ಎಲ್ಲಾ ಸದಸ್ಯರಿಗೂ ಒಂದೊಂದು ಬ್ಯಾಗು ಕೊಡೋ ಯೋಚನೆ ಅವರಿಗಿತ್ತು. "ಆಯುಧಪೂಜೆ ದಿನ ಬಾ. ಎಲ್ಲಾರೂ ಇರ್ತಾರೆ, ಅವರೆದುರು ತೋರಿಸು," ಅಂದಿದ್ದರು ಕಾರ್ಯದರ್ಶಿ. ನನ್ನ ಮ್ಯಾನೇಜರ್ ಕೂಡ ಬೆಂಗಳೂರಿನಿಂದ ಕಾರಿನಲ್ಲಿ ಹೊರಟರು.

ಬೆಳಿಗ್ಗೆಯೇ ಹೋಗಿ ಸ್ಯಾಂಪಲ್ ಬ್ಯಾಗುಗಳನ್ನು ಅಂಗಳದ ಒಳ್ಳೇ ಬಿಸಿಲಲ್ಲಿ ಸಾಲಾಗಿಟ್ಟೆ. ಮ್ಯಾನೇಜರನ್ನು ಕರೆತರೋಕೆ ಗೇಟಿಗೆ ಹೋದೆ. ವಾಪಸ್ ಬರೋಷ್ಟರಲ್ಲಿ ಪೂಜೆ ಮುಗಿದಿತ್ತು. ಲೇತಿಗೆ, ಡ್ರಿಲ್ಲಿಗೆ, ವೆಲ್ಡಿಂಗ್ ಸೆಟ್ಟಿಗೆ ಏನೇನಾಗಿತ್ತೋ ನನ್ನ ಬ್ಯಾಗುಗಳಿಗೂ ಅದೇ ಆಗಿತ್ತು. ಪ್ರತಿ ಸೋಲಾರ್ ಹಾಳೆಯ ಮೇಲೂ ದಪ್ಪಗೆ ವಿಭೂತಿ ಪಟ್ಟೆ, ಅದರ ಮಧ್ಯೆ ಕುಂಕುಮ, ಉಳಿದ ಜಾಗ ಮುಚ್ಚುವಂತೆ ಚೆಂಡುಹೂವಿನ ಹಾರ.

ಮ್ಯಾನೇಜರ್ ತಮ್ಮ ಮೊಬೈಲ್ ಸಿಕ್ಕಿಸಿದರು. ಏನೂ ಆಗಲಿಲ್ಲ. ನನ್ನ ಮುಖ ನೋಡಿದರು. ನಾನು ಕರ್ಚೀಫು ತೆಗೆದು ಒರೆಸೋಕೆ ಬಗ್ಗಿದೆ. ಕಾರ್ಯದರ್ಶಿ ಕೈ ಹಿಡಿದುಕೊಂಡರು.

"ಏಯ್, ಪೂಜೆ ಆಗಿರೋದನ್ನ ಒರೆಸ್ತೀಯಾ?"

"ಒರೆಸದಿದ್ರೆ ಚಾರ್ಜ್ ಆಗಲ್ಲ ಸಾರ್."

"ಆಗಬಾರದು. ಇವತ್ತು ಎಲ್ಲಕ್ಕೂ ರಜೆ. ಅಷ್ಟು ದೊಡ್ಡ ಲೇತೇ ನಿಂತಿದೆ, ನಿನ್ನ ಬ್ಯಾಗಿಗೇನು ಅವಸರ?" ಅಂದವರೇ ಮ್ಯಾನೇಜರ್ ಕಡೆ ತಿರುಗಿ, "ಸಾಮಾನು ಚೆನ್ನಾಗಿದೆ ಸಾರ್, ಹಬ್ಬದ ದಿನ ಕೆಲಸ ಮಾಡಲ್ಲ," ಅಂದರು.

ಮ್ಯಾನೇಜರ್ ಬಾಯಿ ತೆರೆಯೋದರೊಳಗೆ ಅವರ ಎರಡೂ ಕೈಗೆ ಮಂಡಕ್ಕಿ, ಬಾಳೆಹಣ್ಣು ತುಂಬಿದರು. ನನ್ನ ಕಥೆ ಮುಗೀತು ಅಂದುಕೊಂಡೆ. ಊರಿನ ದಾರಿ, ಮೈಸೂರುಪಾಕು ತಿಂದವರ ಮುಖ ಎಲ್ಲಾ ಕಣ್ಣಮುಂದೆ ಬಂತು.

ಅಷ್ಟರಲ್ಲಿ ಸಂಘದವರು ಸುತ್ತ ಸೇರಿದರು. ಒಬ್ಬರು ಜಿಪ್ಪು ಎಳೆದರು, ಇನ್ನೊಬ್ಬರು ಹಿಡಿ ಜಗ್ಗಿದರು, ಮತ್ತೊಬ್ಬರು ತಮ್ಮ ಊಟದ ಕ್ಯಾರಿಯರ್ ಒಳಗಿಟ್ಟು, "ನೆಟ್ಟಗೆ ಕೂರ್ತದೆ, ಸಾರು ಚೆಲ್ಲಲ್ಲ," ಅಂದರು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು.

"ಎಲ್ಲಾ ಸದಸ್ಯರಿಗೂ ತಗೋತೀವಿ ಸಾರ್."

ನಾನು ಟೈ ಬಿಗಿ ಮಾಡಿಕೊಂಡೆ.

"ಒಂದು ಸಣ್ಣ ಬದಲಾವಣೆ. ಈ ಕರೀ ಹಾಳೆ ತೆಗೆದುಬಿಡಿ. ಆ ಜಾಗದಲ್ಲಿ ನಮ್ಮ ಸಂಘದ ಹೆಸರು ದಪ್ಪಕ್ಷರದಲ್ಲಿ ಹಾಕ್ಸಿ."

"ಅದೇ ಸೋಲಾರ್," ಅಂದರು ಮ್ಯಾನೇಜರ್, ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ.

"ಇರಲಿ ಬಿಡಿ ಸಾರ್. ಅದಿಲ್ಲದಿದ್ರೂ ಬ್ಯಾಗು ಗಟ್ಟಿಯಾಗೇ ಇದೆ."

ಮ್ಯಾನೇಜರ್ ನನ್ನ ಕಡೆ ನೋಡಿದರು, ಸದಸ್ಯರ ಗುಂಪಿನ ಕಡೆ ನೋಡಿದರು, ಆರ್ಡರ್ ಬರೆದುಕೊಂಡರು. ದೊಡ್ಡ ಆರ್ಡರ್ ಅಂದಿದ್ದರೇ ಹೊರತು ಯಾವುದರ ಆರ್ಡರ್ ಅಂತ ಅವರೂ ಹೇಳಿರಲಿಲ್ಲ. ದೀಪಾವಳಿಗೆ ಮೊದಲೇ ನನಗೆ ಕಾಯಂ ಕೆಲಸ ಕೊಟ್ಟರು: ಸೋಲಾರ್ ಕಂಪನಿಯಲ್ಲಿ, ಸೋಲಾರ್ ಇಲ್ಲದ ಬ್ಯಾಗು ಮಾರೋ ಕೆಲಸ.